ಉಗಿ ಎಂಜಿನ್ನಿನಲ್ಲಿ ಮಲಗಿದ್ದ ಮೂಲಭಾಗ

ಕಾಡಿನಿಂದ ಮರದ ದಿಮ್ಮಿ ಎಳೆದು ತರುತ್ತಿದ್ದ ಹಳೆಯ ಉಗಿ ಎಂಜಿನ್ನುಗಳು ನಿಂತ ಜಾಗ ಬಿಟ್ಟು ಕದಲುವುದಿಲ್ಲವಾದ್ದರಿಂದ ಅವುಗಳನ್ನು ಪತ್ತೆಹಚ್ಚುವುದು ಬಲು ಕಷ್ಟದ ಕೆಲಸ. ಓಡಾಡುವ ವಸ್ತುವಾದರೆ ಒಂದಲ್ಲ ಒಂದು ದಿನ ಕಚೇರಿಯ ಮುಂದೆ ಹಾದುಹೋಗುತ್ತದೆ, ಕಿಟಕಿಯಿಂದಲೇ ಗುರುತಿಸಬಹುದು. ನಿಂತ ವಸ್ತುವಿನ ಹತ್ತಿರ ನಾವೇ ಹೋಗಬೇಕು. ಈ ಸಂಗತಿ ಮನದಟ್ಟಾಗುವುದಕ್ಕೆ ಉಗಿ ಎಂಜಿನ್ ಶೋಧ ಮತ್ತು ಸಂರಕ್ಷಣಾ ಮಂಡಳಿಗೆ ಹಲವಾರು ವರ್ಷ ಹಿಡಿಯಿತು. ಮನದಟ್ಟಾದ ಮೇಲೆ ಮಂಡಳಿ ಒಂದು ಜೀಪು ಕೊಂಡಿತು. ಜೀಪಿಗೆ ಡ್ರೈವರ್ ಬೇಕಾಯಿತು. ಆಗಷ್ಟೇ ಇನ್ನೊಂದು ಕೆಲಸ ಬಿಟ್ಟು ರಸ್ತೆಗೆ ಬಿದ್ದಿದ್ದ ನಾನು ಸಿಕ್ಕಿದೆ.

ಮಂಡಳಿಯ ಸಂರಕ್ಷಣಾಧಿಕಾರಿಗಳು ಸಾಧು ಮನುಷ್ಯ. ಕೈಗೆ ಬಿಳಿ ಹತ್ತಿಯ ಗವಸು, ಜೇಬಿನಲ್ಲಿ ಧೂಳು ಒರೆಸುವ ಸಣ್ಣ ಬ್ರಷ್ಷು. ಟೀ ಕುಡಿದ ಲೋಟವನ್ನು ಕೂಡ ಅದು ಮೊದಲಿದ್ದ ಒದ್ದೆ ಉಂಗುರದ ಮೇಲೇ ತಿರುಗಿ ಇಡುವವರು. ಕಂಡದ್ದನ್ನು ಕಂಡ ಸ್ಥಿತಿಯಲ್ಲೇ ಉಳಿಸಬೇಕು ಎಂಬುದು ಅವರ ನಂಬಿಕೆ. ಅದರ ಪ್ರಕಾರ ಅವರ ಮೇಜಿನ ಮೇಲಿನ ಯಾವ ಕಡತವೂ ಬಂದ ದಿನದ ಸ್ಥಿತಿಯಿಂದ ಒಂದಿಷ್ಟೂ ಬದಲಾಗಿರಲಿಲ್ಲ.

ದಿಮ್ಮಿ ರೈಲಿನ ಹಳಿ ಕಿತ್ತು ಎಷ್ಟೋ ಕಾಲವಾಗಿತ್ತು. ಕಾಡಿನ ನಡುವೆ ಏರಿಲ್ಲದೆ ತಗ್ಗಿಲ್ಲದೆ ಒಂದು ದಾರಿ ಕಂಡರೆ, ಅದು ಹಳಿ ಇದ್ದ ದಾರಿ ಅಂತ ತಿಳಿಯಬೇಕು. ಅಂಥ ದಾರಿ ಹಿಡಿದು ನಾವು ಮೊದಲು ಮುಟ್ಟಿದ್ದು ಒಬ್ಬ ಗುಜರಿ ವ್ಯಾಪಾರಿಯ ಹೊಸ ಮನೆಯನ್ನು.

"ಇಲ್ಲೊಂದು ಉಗಿ ಎಂಜಿನ್ ಇತ್ತಂತೆ?" ಅಧಿಕಾರಿಗಳು ಕೇಳಿದರು.

"ಇತ್ತಂತೆ ಅಂದ್ರೇನು, ಇದೆ. ಒಳಗೆ ಬನ್ನಿ" ಎಂದು ಆತ ಗೇಟು, ಕಿಟಕಿಯ ಸರಳು, ಮಹಡಿಯ ಮೆಟ್ಟಿಲು ಎಲ್ಲ ತೋರಿಸಿದ. ಅಧಿಕಾರಿಗಳು ಒಂದೊಂದು ಸರಳನ್ನೂ ಗವಸಿನ ಕೈಯಿಂದ ಮುಟ್ಟಿ, "ಚೆನ್ನಾಗಿ ಇಟ್ಟುಕೊಂಡಿದ್ದೀರಿ" ಎಂದು ಮೆಚ್ಚಿಕೊಂಡರು.

ಎರಡನೆಯ ದಾರಿಯ ಕೊನೆಯಲ್ಲಿ ಬಾಗಿಲು ಹಾಕಿದ ಒಂದು ಸಾಮಿಲ್ಲು ಇತ್ತು. ಅದರ ಹಿಂದೆ ಇತ್ತು ನೋಡಿ, ಇಡೀ ಎಂಜಿನ್ನು. ಚಕ್ರಗಳು ಅರ್ಧ ಮಣ್ಣಿನಲ್ಲಿ. ಕಿಡಿ ಹಾರಿ ಕಾಡಿಗೆ ಬೆಂಕಿ ಬೀಳದಿರಲಿ ಎಂದು ಮಾಡಿದ, ಹೊಟ್ಟೆ ಉಬ್ಬಿದ ಚಿಮಣಿ. ಈ ಜಾತಿಯ ಎಂಜಿನ್ನು ಎಳೆದು ತರುವ ಮರದಲ್ಲೇ ಒಂದು ಪಾಲನ್ನು ತಾನು ಉರಿಸಿಕೊಂಡು ಮಿಕ್ಕದ್ದನ್ನು ಒಪ್ಪಿಸುತ್ತಿತ್ತಂತೆ. ಈ ಪದ್ಧತಿ ಮುಂದೆ ಬೇರೆ ಬೇರೆ ಇಲಾಖೆಗಳಲ್ಲೂ ಚೆನ್ನಾಗಿ ಬೇರೂರಿತು.

ಚಿಮಣಿಯಿಂದ ಸಾಮಿಲ್ಲಿನ ಕಂಬಕ್ಕೆ ಒಂದು ತಂತಿ, ತಂತಿಯ ಮೇಲೆ ಒದ್ದೆ ಬಟ್ಟೆ. ಪಕ್ಕದ ಶೆಡ್ಡಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಹೆಂಗಸಿನದು ಅದು. ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಅನ್ನುತ್ತಿದ್ದರು. ಎಂಜಿನ್ ಡ್ರೈವರು ನಿಲ್ಲುವ ಗೂಡಿನೊಳಗೆ, ಉಗಿ ಬಿಡುವ ಹಿಡಿಕೆಗೆ ಅಂಗಿ ನೇತುಹಾಕಿ, ಒಬ್ಬ ಗಂಡಸು ಗೊರಕೆ ಹೊಡೆಯುತ್ತಿದ್ದ. ಅಕ್ಕನ ಸ್ವಂತ ತಮ್ಮ. ಆ ಕಡೆಯವರು ಇಟ್ಟ ಹೆಸರು ಆಕಳಿಕೆ.

"ಲೋ, ಏಳೋ! ದೊಡ್ಡ ಸಾಹೇಬ್ರು ಬಂದಿದಾರೆ" ಎಂದು ಅಕ್ಕ ಅವನ ಕಾಲು ಎಳೆಯಲು ಹೋದಳು.

"ಅಮ್ಮಾ, ಮುಟ್ಟಬೇಡಿ!" ಅಧಿಕಾರಿಗಳು ಎರಡೂ ಗವಸು ಮೇಲೆತ್ತಿ ಕೂಗಿದರು.

"ನನ್ನ ತಮ್ಮ ಸ್ವಾಮಿ ಅವನು."

"ಇರಬಹುದು. ಎಷ್ಟು ದಿನದಿಂದ ಇಲ್ಲಿದಾರೆ?"

"ಎಷ್ಟು ದಿನ ಎಲ್ಲಿ ಬಂತು? ಸಾಮಿಲ್ಲು ಮುಚ್ಚಿದ ಸಂಜೆ ಬಂದು ಮಲಗಿದೋನು. ಊಟಕ್ಕೆ ಏಳ್ತಾನೆ, ಮತ್ತೆ ಬೀಳ್ತಾನೆ. ಗುಜರಿಯವರು ಎಂಜಿನ್ ಒಯ್ಯೋಕೆ ಎಷ್ಟು ಸಲ ಬಂದ್ರು ಗೊತ್ತಾ? ಇವನನ್ನ ಎಬ್ಬಿಸಿ ಎಬ್ಬಿಸಿ ಅವರಿಗೇ ನಿದ್ದೆ ಬಂದು ವಾಪಸ್ ಹೋದ್ರು."

ಅಧಿಕಾರಿಗಳ ಕಣ್ಣು ಒದ್ದೆಯಾಯಿತು. ಇಡೀ ಮಂಡಳಿಗೆ ಆಗದಿದ್ದ ಸಂರಕ್ಷಣೆ ಒಬ್ಬನ ಬೆನ್ನಿನ ಮೇಲೆ ನಡೆದುಹೋಗಿತ್ತು. ಅವರು ನನ್ನ ಕಡೆ ತಿರುಗಿ ಮೆಲ್ಲಗೆ ನಿಯಮ ಹೇಳಿದರು: ಮಂಡಳಿಯ ಸ್ಥಾಪನೆಗೂ ಮೊದಲಿನಿಂದ ಎಂಜಿನ್ನಿಗೆ ಹೊಂದಿಕೊಂಡಿರುವ ಯಾವುದನ್ನೇ ಆಗಲಿ ಮೂಲಭಾಗವೆಂದು ಪರಿಗಣಿಸತಕ್ಕದ್ದು. ಅದನ್ನು ಸರಿಸುವುದು, ಬಗ್ಗಿಸುವುದು, ಉಜ್ಜಿ ತೊಳೆಯುವುದು ನಿಷಿದ್ಧ.

ಮರುದಿನ ಎಂಜಿನ್ನಿನ ಸುತ್ತ ಹಗ್ಗ ಬಂತು. ಹಗ್ಗಕ್ಕೆ ಒಂದು ಫಲಕ:

"ಸಾರ್ವಜನಿಕರ ಗಮನಕ್ಕೆ. ಇದು ಸಂರಕ್ಷಿತ ಉಗಿ ಎಂಜಿನ್. ಹತ್ತಬಾರದು. ಬಡಿಯಬಾರದು. ಹೆಸರು ಕೆತ್ತಬಾರದು. ಎಬ್ಬಿಸಬಾರದು."

ತಂತಿಯೂ ಮೂಲಭಾಗವಾಯಿತು. ತಂತಿಯ ಮೇಲಿನ ಬಟ್ಟೆಗಳು ಮೂಲವೋ ತಾತ್ಕಾಲಿಕವೋ ಎಂದು ತಜ್ಞರು ತೀರ್ಮಾನಿಸುವ ತನಕ ಅಕ್ಕ ಬೇರೆ ಕಡೆ ಹಗ್ಗ ಕಟ್ಟಿಕೊಂಡಳು. ಪೇಟೆಬೀದಿಯ ದರ್ಜಿಯ ಒಂದು ಒಳ್ಳೆಯ ಬಿಳಿ ಅಂಗಿ ಒಂದು ಮಳೆಗಾಲ ಪೂರ್ತಿ ಅಲ್ಲೇ ನೇತಾಡಿತು.

ತೊಂದರೆ ಅಂಗಿಯದಲ್ಲ. ದರ್ಜಿಗೆ ಒಬ್ಬ ಮಗಳಿದ್ದಳು. ಅಂಗಡಿಯಲ್ಲಿ ಕಾಜಾ ಹೊಡೆದು ಗುಂಡಿ ಹಚ್ಚುವ ಕೆಲಸ ಅವಳದು. ಬಾಯಿ ಸೂಜಿಯಷ್ಟೇ ಚೂಪು. ಬೀದಿಯಲ್ಲಿ ಅಷ್ಟು ಜನ ಎಚ್ಚರವಿರುವ ಗಂಡಸರಿದ್ದರೂ ಅವಳ ಮನಸ್ಸು ಹೋಗಿ ಆಕಳಿಕೆಯ ಮೇಲೆ ನಿಂತಿತ್ತು. "ದುಡಿಯೋ ಹುಡುಗನಿಗೆ ಮಾತ್ರ ಹುಡುಗಿ" ಎಂದು ದರ್ಜಿ ಪಟ್ಟು ಹಿಡಿದಿದ್ದ. ಅವಳು ಬೇಡಿ, ಬೈದು, ಎರಡು ವಾರ ಮಾತು ಬಿಟ್ಟು, ಅಂತೂ ಮರದ ಡಿಪೋದಲ್ಲಿ ದಿಮ್ಮಿಗೆ ಗುರುತು ಹಾಕುವ ಕೆಲಸಕ್ಕೆ ಅವನನ್ನು ಒಪ್ಪಿಸಿದ್ದಳು. ಸೋಮವಾರ ಸೇರಬೇಕಿತ್ತು. ನಾವು ಪತ್ತೆಹಚ್ಚಿದ್ದು ಶನಿವಾರ.

ಹಗ್ಗದ ಆಚೆ ನಿಂತು ಅವಳು ಅವನನ್ನು ವಿಚಾರಿಸಿಕೊಂಡಳು. ಅವನು ಮಲಗಿದ ಹಾಗೇ ಉತ್ತರಿಸಿದ.

"ನಾನೇನು ಮಾಡ್ಲಿ ಮಾರಾಯ್ತಿ? ಎದ್ರೆ ಅಪರಾಧ ಅಂತಾರೆ."

"ಅಪರಾಧ ಅಲ್ಲದೆ ಇದ್ದಾಗ ಎಷ್ಟು ಸಲ ಎದ್ದಿದ್ದೆ?"

ಅವನು ಆಕಳಿಸಿದ. ಅವಳು ನೇರ ನಮ್ಮ ಕಚೇರಿಗೆ ಬಂದಳು.

"ಸಾರ್, ಅವನನ್ನ ಬಿಟ್ಟುಬಿಡಿ. ಕೆಲಸಕ್ಕೆ ಹೋಗಬೇಕು."

"ನೋಡಮ್ಮಾ, ಮೂಲಭಾಗವನ್ನು ಹೊರಗೆ ಕಳಿಸೋ ಪದ್ಧತಿ ಇಲ್ಲ. ಇವತ್ತು ಇದು ಹೋಯ್ತು, ನಾಳೆ ಬಾಯ್ಲರ್ ಹೋಗ್ತೀನಿ ಅನ್ನುತ್ತೆ."

"ಹಾಗಾದ್ರೆ ಹೊಟ್ಟೆಗೆ ಏನು ಕೊಡ್ತೀರಿ?"

"ಪ್ರತಿ ಮಳೆಗಾಲಕ್ಕೆ ಮುಂಚೆ ಎಣ್ಣೆ ಹಚ್ಚಿಸ್ತೀವಿ. ತುಕ್ಕು ಹಿಡಿಯಲ್ಲ."

"ಊಟ, ಸಾರ್!"

"ಊಟ ಇಂಧನದ ಲೆಕ್ಕಕ್ಕೆ ಬರುತ್ತೆ. ಎಂಜಿನ್ ಓಡ್ತಿಲ್ವಲ್ಲ, ಇಂಧನ ಹೇಗೆ ಮಂಜೂರಾಗುತ್ತೆ?"

ಅವಳು ಕುರ್ಚಿ ಎಳೆದು ಕೂತಳು. ಅಧಿಕಾರಿಗಳು ಕುರ್ಚಿಯ ಹಳೆಯ ಜಾಗವನ್ನು ಕಳವಳದಿಂದ ನೋಡಿದರು.

"ಸರಿ ಸಾರ್. ಊಟ ಇಲ್ದೆ ಮೂಲಭಾಗ ಸೊರಗಿ ಸೊರಗಿ ಕೊನೆಗೆ ಇಲ್ದೇ ಹೋದ್ರೆ, ಸವೆತಕ್ಕೆ ಯಾರು ಹೊಣೆ?"

ಅಧಿಕಾರಿಗಳ ಮುಖ ಅವರ ಗವಸಿನ ಬಣ್ಣಕ್ಕೆ ತಿರುಗಿತು. ಸವೆತಕ್ಕೆ ಅವರೇ ಹೊಣೆ. ಅವತ್ತೇ ಸಂಜೆ ಆಕಳಿಕೆಗೆ ಎರಡು ಹೊತ್ತಿನ ಊಟ, ಮಧ್ಯೆ ಒಂದು ಟೀ, ಚಳಿಗಾಲಕ್ಕೆ ಒಂದು ಕಂಬಳಿ, ಇವೆಲ್ಲ ನಿರ್ವಹಣೆ ಎಂಬ ಬಾಬ್ತಿನಲ್ಲಿ ಮಂಜೂರಾದವು. ಜೀಪಿನಲ್ಲಿ ಕ್ಯಾರಿಯರ್ ಒಯ್ದು ಕೊಡುವ ಕೆಲಸ ನನಗೆ ಬಿತ್ತು.

ಸುದ್ದಿ ತಿಳಿದು ದರ್ಜಿ ಅಳತೆಟೇಪು ಕುತ್ತಿಗೆಯಲ್ಲಿದ್ದ ಹಾಗೇ ಓಡಿಬಂದ.

"ಇದು ಖಾಯಂ ತಾನೇ ಸಾರ್?"

"ಶಾಶ್ವತ" ಅಂದರು ಅಧಿಕಾರಿಗಳು.

"ವರ್ಗಾವಣೆ?"

"ಎಂಜಿನ್ ಅಲುಗಾಡಲ್ಲ."

"ನಿವೃತ್ತಿ?"

"ಹಳೆಯದಾದಷ್ಟೂ ಬೆಲೆ ಜಾಸ್ತಿ."

ದರ್ಜಿ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ನನ್ನ ಅಂಗಡಿಯಲ್ಲಿ ಮೂರು ಹೊತ್ತೂ ದುಡಿಯೋ ಹುಡುಗರಿದಾರೆ ಸಾರ್. ಒಬ್ಬನಿಗೂ ಇಂಥ ಭದ್ರತೆ ಇಲ್ಲ. ಹುಡುಗ ಬಂಗಾರ. ಮದುವೆ ಮಾಡಿಕೊಡ್ತೀನಿ."

ಆದರೆ ಮದುವೆ ಎಂದರೆ ಸೇರ್ಪಡೆ. ಸಂರಕ್ಷಿತ ಎಂಜಿನ್ನಿಗೆ ಹೊಸ ಭಾಗ ಸೇರಿಸುವ ವಿಚಾರದಲ್ಲಿ ನಿಯಮಗಳು ಬಿಗಿಯಾಗಿವೆ. ಅಧಿಕಾರಿಗಳು, ದರ್ಜಿ, ಮಗಳು, ಅಕ್ಕ ಎಲ್ಲರೂ ಹಗ್ಗದ ಸುತ್ತ ಸೇರಿದರು. ಆಕಳಿಕೆ ಗೂಡಿನೊಳಗಿಂದ ಒಂದು ಕಣ್ಣು ತೆರೆದು ಸಭೆಯಲ್ಲಿ ಭಾಗವಹಿಸಿದ.

"ಮೊದಲನೇದು," ಅಧಿಕಾರಿಗಳು ಓದಿದರು, "ಸೇರ್ಪಡೆಗಾಗಿ ಮೂಲಕ್ಕೆ ತೂತು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಕೂಡದು."

"ಅಂಥದ್ದೇನೂ ಮಾಡಲ್ಲ" ಎಂದಳು ಹುಡುಗಿ. "ಸದ್ಯಕ್ಕೆ."

"ಹೊಸ ಭಾಗ ಹಳೆಯ ಭಾಗಕ್ಕಿಂತ ಬೇರೆ ಅಂತ ನೋಡಿದವರಿಗೆ ಕೂಡಲೇ ತಿಳಿಯಬೇಕು."

"ಅದು ತಿಳಿಯುತ್ತೆ ಬಿಡಿ ಸ್ವಾಮಿ" ಎಂದಳು ಇಸ್ತ್ರಿ ಅಕ್ಕ. "ಇವಳು ಎಚ್ಚರ ಇರ್ತಾಳೆ."

"ಕೊನೇದು, ಇದು ಬಹಳ ಮುಖ್ಯ. ಸೇರ್ಪಡೆಯಿಂದ ಮೂಲದ ಸ್ಥಿತಿಗೆ ಧಕ್ಕೆ ಬಂತು ಅಂತ ಕಂಡುಬಂದರೆ, ಅದನ್ನು ಗುರುತು ಉಳಿಯದ ಹಾಗೆ ಬಿಚ್ಚಿ ತೆಗೆಯೋ ಹಾಗಿರಬೇಕು."

ದರ್ಜಿ ಕೆಂಡವಾದ. "ಏನ್ ಸಾರ್ ಹಾಗಂದ್ರೆ? ಮದುವೆ ಅಂದ್ರೆ ಬಿಚ್ಚೋ ಹಾಗೆ ಹಾಕೋ ಕಚ್ಚಾ ಹೊಲಿಗೆನಾ?"

"ಹಾಂ! ಅದೇ ಮಾತು ನನಗೆ ಹೊಳೀತಿರಲಿಲ್ಲ" ಎಂದು ಅಧಿಕಾರಿಗಳು ಸಂತೋಷದಿಂದ ಬರೆದುಕೊಂಡರು.

"ಅಪ್ಪಾ, ಒಪ್ಕೋ" ಎಂದಳು ಮಗಳು. "ಕಚ್ಚಾ ಹೊಲಿಗೆ ಹಾಕಿದ ಅಂಗಿ, ಆಮೇಲೆ ಹೊಲಿಸ್ತೀನಿ ಅಂತ ಒಯ್ದು, ಜೀವಮಾನ ಪೂರ್ತಿ ಹಾಕ್ಕೊಂಡು ತಿರುಗಿದೋರನ್ನ ನೀನು ನೋಡಿಲ್ವಾ?"

ದರ್ಜಿ ನೋಡಿದ್ದ. ಮದುವೆ ಎಂಜಿನ್ನಿನ ಮೆಟ್ಟಿಲ ಮೇಲೆ ನಡೆಯಿತು. ವರ ಮಲಗಿದ್ದರಿಂದ ವಧು ಬಗ್ಗಿ ಹಾರ ಹಾಕಿದಳು. ಅವನು ಎದ್ದು ಕೂರಲು ನೋಡಿದಾಗ ಅಧಿಕಾರಿಗಳು ಕಣ್ಣಲ್ಲೇ ತಡೆದರು.

ಆಮೇಲಿನ ಕೆಲವು ತಿಂಗಳು ನನಗೆ ಆ ಕಡೆ ಹೋಗಲು ಆಗಲಿಲ್ಲ. ಜೀಪಿಗೆ ಟೈರು ಮಂಜೂರಾಗಿರಲಿಲ್ಲ. ಟೈರು ಬಂದ ದಿನವೇ ಅಧಿಕಾರಿಗಳು ಹಠಾತ್ ಪರಿಶೀಲನೆಗೆ ಹೊರಟರು. ಹೋಗಿ ನೋಡಿದರೆ ಗೂಡಿನಲ್ಲಿ ಆಕಳಿಕೆ ಇಲ್ಲ. ನೆಲ ಗುಡಿಸಿತ್ತು. ಮೂಲೆಯಲ್ಲಿ ಹೊಲಿಗೆ ಮಷಿನ್ನು. ಅದರ ಮುಂದೆ ದರ್ಜಿಯ ಮಗಳು.

"ಮೂಲಭಾಗ ಕಳುವಾಗಿದೆ!" ಅಧಿಕಾರಿಗಳು ಚಕ್ರ ಹಿಡಿದುಕೊಂಡು ಕುಸಿದರು.

"ಕಳುವಾಗಿಲ್ಲ ಸಾರ್. ಡ್ಯೂಟಿಗೆ ಹೋಗಿದೆ. ಮರದ ಡಿಪೋಗೆ. ಬೆಳಿಗ್ಗೆ ತಾನೇ ಏಳುತ್ತೆ ಈಗ."

"ತಾನೇ ಏಳುತ್ತಾ?" ಅವರು ಗೂಡಿನತ್ತ ಗವಸಿನ ಬೆರಳು ತೋರಿಸಿದರು. "ಎಂಥ ಅನಾಹುತ ಮಾಡಿಬಿಟ್ಟೆಯಮ್ಮಾ! ಮೂಲದ ಸ್ಥಿತಿಗೆ ಇದಕ್ಕಿಂತ ಧಕ್ಕೆ ಇನ್ನೇನಿದೆ? ನಿಯಮದ ಪ್ರಕಾರ ನಿನ್ನನ್ನು ಬಿಚ್ಚಿ ತೆಗೆದು ನಿಮ್ಮಪ್ಪನಿಗೆ ವಾಪಸ್ ಒಪ್ಪಿಸಬೇಕಾಗುತ್ತೆ."

ಮಷಿನ್ನಿನ ಚಕ್ರ ನಿಂತಿತು. ಹಲ್ಲಲ್ಲಿ ಕಚ್ಚಿದ್ದ ದಾರವನ್ನು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಕೇಳಿದಳು.

"ಸಾರ್, ನೀವು ನೋಡಿದಾಗ ಅವರು ಮಲಗಿರಬೇಕು. ಅಷ್ಟೇ ತಾನೇ?"

"ಅಷ್ಟೇ."

"ನೀವು ನೋಡದೆ ಇದ್ದಾಗ?"

ಅಧಿಕಾರಿಗಳು ಜೇಬಿನ ಬ್ರಷ್ಷು ತೆಗೆದು ಗವಸಿನ ಧೂಳು ಒರೆಸಿದರು. ಅವರು ಪ್ರಾಮಾಣಿಕರು. "ನೋಡದೆ ಇದ್ದಾಗ ಯಾವ ಸ್ಥಿತಿಯಲ್ಲಿತ್ತು ಅನ್ನೋದನ್ನ ನೋಡದೆ ಹೇಳೋಕೆ ಬರಲ್ಲಮ್ಮಾ."

"ಅಷ್ಟು ಸಾಕು ಸಾರ್" ಎಂದು ಅವಳು ನನ್ನ ಕಡೆ ತಿರುಗಿದಳು. "ಅಣ್ಣಾ, ನಿಮ್ಮ ಜೀಪಿಗೆ ಹಾರನ್ ಇದೆ ತಾನೇ?"

ಇತ್ತು. ಅಂದಿನಿಂದ ಹಠಾತ್ ಪರಿಶೀಲನೆಗೆ ಹೋಗುವಾಗಲೆಲ್ಲ ನಾನು ಸೇತುವೆಯ ತಿರುವಿನಲ್ಲಿ ಜೀಪು ನಿಲ್ಲಿಸಿ ಉದ್ದಕ್ಕೆ ಹಾರನ್ ಹೊಡೆಯುತ್ತೇನೆ. "ಇನ್ನೊಂಚೂರು ಹೊಡಿ, ಡಿಪೋ ದೂರ ಇದೆ" ಎಂದು ಅಧಿಕಾರಿಗಳೇ ಹೇಳುತ್ತಾರೆ. ಹಾರನ್ ಕೇಳಿದ್ದೇ ತಡ, ಆಕಳಿಕೆ ಕೈಯಲ್ಲಿದ್ದ ಬಣ್ಣದ ಡಬ್ಬಿ ದಿಮ್ಮಿಯ ಮೇಲಿಟ್ಟು ಓಟ ಕೀಳುತ್ತಾನೆ. ಪೇಟೆಬೀದಿಯಲ್ಲಿ ಜನ ಮಕ್ಕಳ ಕೈ ಹಿಡಿದು, ಸೈಕಲ್ಲು ಪಕ್ಕಕ್ಕೆ ಎಳೆದು ದಾರಿ ಬಿಡುತ್ತಾರೆ. "ಸರೀರಿ, ಸರೀರಿ, ಎಂಜಿನ್ ಬಂತು!" ಎಂದು ಎಲ್ಲರಿಗಿಂತ ಮುಂದೆ ನಿಂತು ಕೂಗುವವನು ಮಾವ ದರ್ಜಿ. ಕಳೆದ ಸಲ ಆಕಳಿಕೆ ಗೂಡು ಹತ್ತಿ ಬಿದ್ದುಕೊಂಡದ್ದಕ್ಕೂ ಅಧಿಕಾರಿಗಳು ಹಗ್ಗ ದಾಟಿದ್ದಕ್ಕೂ ಸರಿಹೋಯಿತು. ಕಣ್ಣು ಬಿಗಿಯಾಗಿ ಮುಚ್ಚಿದ್ದ. ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಹಣೆಯಿಂದ ಬೆವರು ಇಳಿದು ಕಬ್ಬಿಣದ ಮೇಲೆ ತೊಟ್ಟಿಕ್ಕುತ್ತಿತ್ತು. ಹೆಂಡತಿ ಗುಂಡಿ ಹಚ್ಚುತ್ತ ತಲೆಯೆತ್ತದೆ ಕೂತಿದ್ದಳು.

ಅಧಿಕಾರಿಗಳು ತುದಿಗಾಲಿನಲ್ಲಿ ಹತ್ತಿರ ಹೋಗಿ, ಬಗ್ಗಿ, ಕಿವಿಗೊಟ್ಟು ಕೇಳಿ, ತುದಿಗಾಲಿನಲ್ಲೇ ಹಿಂದೆ ಬಂದರು. ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಬರೆದ ಅವರ ವರದಿಯನ್ನು ಮಂಡಳಿ ಚಪ್ಪಾಳೆಯೊಂದಿಗೆ ಅಂಗೀಕರಿಸಿತು:

"ಮೂಲಭಾಗ ಕಂಡ ಸ್ಥಿತಿಯಲ್ಲೇ ಇದೆ. ಸೇರ್ಪಡೆಯಿಂದ ಯಾವುದೇ ಧಕ್ಕೆ ಉಂಟಾಗಿಲ್ಲ, ಬಿಚ್ಚುವ ಅಗತ್ಯವಿಲ್ಲ. ಇಷ್ಟು ವರ್ಷಗಳ ನಂತರವೂ ಎಂಜಿನ್ನಿನಲ್ಲಿ ಉಗಿಯ ಒತ್ತಡ ಗಣನೀಯವಾಗಿ ಉಳಿದಿರುವುದು ಈ ಪರಿಶೀಲನೆಯಲ್ಲಿ ದೃಢಪಟ್ಟಿದೆ."