ಕಾಫಿ ಕುಡಿದು ಸೋತ ಅಭ್ಯರ್ಥಿ

ರಾಜಕೀಯದಲ್ಲಿ ಮೇಲೆ ಬರಲು ಏನೇನು ಬೇಕೆಂಬ ಬಗ್ಗೆ ನನಗೆ ಯಾವ ಡೌಟೂ ಇರಲಿಲ್ಲ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಸ್ಪಷ್ಟ ಉಚ್ಚಾರ, ಕ್ಲೀನ್ ಕಾನ್ಶಿಯನ್ಸ್. ಎಲ್ಲವೂ ನನ್ನಲ್ಲಿದ್ದವು. ಇವುಗಳ ಜೊತೆಗೆ ಗಟ್ಟಿಮುಟ್ಟಾದ ಬ್ಲ್ಯಾಡರ್ ಕೂಡ ಬೇಕೆಂದು ಯಾರೂ ಹೇಳಲಿಲ್ಲ.

ಎಲ್ಲ ಶುರುವಾದದ್ದು ಸೆಲ್ವಿಯಿಂದ. ಭದ್ರಾವತಿಯ ನ್ಯೂ ಟೌನಿನಲ್ಲಿ, ನಮ್ಮ ಮನೆಯ ಹತ್ತಿರದ ಸಂತೆ ಮೈದಾನದಲ್ಲಿ ಅವಳು ಹೂವು ಮಾರುತ್ತಾಳೆ. ಒಂದು ಬಿರುಬೇಸಿಗೆಯ ಮಧ್ಯಾಹ್ನ ಬಾಡಿ ಕೂತಿದ್ದವಳಿಗೆ ನನ್ನ ನೀರಿನ ಬಾಟಲಿ ಚಾಚಿದೆ.

"ಬೇಡಮ್ಮಾ. ಕುಡಿದ್ರೆ ಆಮೇಲೆ ಹೋಗೋದೆಲ್ಲಿಗೆ?" ಎಂದಳು. "ಕತ್ತಲಾಗಿ ಮನೆಗೆ ಹೋಗೋತನಕ ಬಾಯಿಗೆ ನೀರು ಹಾಕಲ್ಲ. ಡಾಕ್ಟ್ರು ಬೈತಾರೆ, ಇನ್ಫೆಕ್ಷನ್ ಆಗೈತೆ ಅಂತ. ಡಾಕ್ಟ್ರು ಬಂದು ಇಲ್ಲಿ ಕೂತ್ಕೊಳ್ಳಿ, ನೋಡಣ."

ಗಂಡಸರಿಗೆ ಗೋಡೆ ಇತ್ತು. ಹೆಂಗಸರಿಗೆ ಏನೂ ಇರಲಿಲ್ಲ. ಆ ಸಲದ ನಗರಸಭೆ ಚುನಾವಣೆಗೆ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು. ಸಂತೆಯಲ್ಲಿ ಹೆಂಗಸರಿಗೊಂದು ಟಾಯ್ಲೆಟ್ ಕಟ್ಟಿಸಿಯೇ ಸಾಯುವುದೆಂದು ತೀರ್ಮಾನಿಸಿ, ಪಕ್ಷೇತರಳಾಗಿ ನಿಂತುಬಿಟ್ಟೆ.

"ನಿನಗೆ ಬೊಗಳೆ ಬಿಡೋಕೆ ಬರುತ್ತಾ ಮಾರಾಯ್ತಿ?" ಎಂದರು ನಮ್ಮವರು, ಪೇಪರಿನಿಂದ ತಲೆಯೆತ್ತದೆ.

"ನಿಜ ಹೇಳ್ತೀನಿ."

"ಹಾಗಾದ್ರೆ ಆರಾಮಾಗಿ ಹೋಗಿ ಬಾ. ಬೇಗ ಮುಗಿಯುತ್ತೆ."

ಮೊದಲ ಭಾಷಣ ಸಂತೆಯಲ್ಲೇ. ಶಿವಮೊಗ್ಗದ ಕಾನ್ವೆಂಟಿನಲ್ಲಿ ನಮ್ಮನ್ನು ಬೆಳೆಸಿದ ರೀತಿಯೇ ಬೇರೆ. ಅಲ್ಲಿ ಆ ಜಾಗದ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಮೇ ಐ ಬಿ ಎಕ್ಸ್‌ಕ್ಯೂಸ್ಡ್, ಸಿಸ್ಟರ್?" ಎಂದರೆ ಮುಗಿಯಿತು. ಅರವತ್ತು ದಾಟಿ ಎಷ್ಟೋ ವರ್ಷವಾದರೂ ಆ ಬಿಳಿ ಯೂನಿಫಾರ್ಮಿನ ಹುಡುಗಿ ಇನ್ನೂ ನನ್ನ ಗಂಟಲಲ್ಲೇ ಕೂತಿದ್ದಾಳೆ. "ನಾನು ಗೆದ್ದರೆ ಇಲ್ಲಿ ಮಹಿಳೆಯರಿಗಾಗಿ ಒಂದು…" ಎಂದು ನಿಂತೆ. ಮತ್ತೆ "ಒಂದು…" ಎಂದೆ. ಜನ ಕಾದರು.

"ಕಕ್ಕಸು!" ಎಂದು ಕೂಗಿದಳು ಸೆಲ್ವಿ, ಹೂವಿನ ಬುಟ್ಟಿಯ ಹಿಂದಿನಿಂದ.

ಅಂದಿನಿಂದ ಅವಳೇ ನನ್ನ ಕ್ಯಾಂಪೇನ್ ಮ್ಯಾನೇಜರ್. ಮನೆಮನೆಗೆ ಹೊರಟೆವು. ನಮ್ಮ ಕಡೆ ಓಟು ಕೇಳಲು ಬಂದ ಹೆಂಗಸಿಗೆ ಕುಂಕುಮ ಕೊಡದೆ, ಕಾಫಿ ಕುಡಿಸದೆ ಯಾರೂ ಕಳಿಸುವುದಿಲ್ಲ. ಎರಡನೇ ಮನೆಯಲ್ಲೇ ನಾನು "ನೋ ಥ್ಯಾಂಕ್ಸ್" ಎನ್ನಲು ಹೋದಾಗ ಸೆಲ್ವಿ ಮೊಣಕೈಯಲ್ಲಿ ತಿವಿದಳು.

"ಕುಡೀರಮ್ಮಾ. ಅವ್ರ ಮನೇಲಿ ಕುಡಿದ್ರು, ನಮ್ಮನೇಲಿ ಕುಡೀಲಿಲ್ಲ ಅಂತಾರೆ. ಓಟು ಹೋಯ್ತು ಅಂತಲೇ."

ಪ್ರಜಾಪ್ರಭುತ್ವಕ್ಕಾಗಿ ಕುಡಿದೆ. ಒಂದು ಬೀದಿ ಮುಗಿಯುವಷ್ಟರಲ್ಲಿ ನನ್ನ ಭಾಷಣಗಳು ತೀರಾ ಚಿಕ್ಕವಾಗಿದ್ದವು. ಇನ್ನೊಂದು ಬೀದಿಯಲ್ಲಿ ಬರೀ ಕೈಮುಗಿಯುತ್ತಿದ್ದೆ. ಕೊನೆಗೆ ಅದಕ್ಕೂ ವ್ಯವಧಾನವಿರಲಿಲ್ಲ. "ಎಕ್ಸ್‌ಕ್ಯೂಸ್ ಮಿ" ಎಂದವಳೇ, ಬೆಂಬಲಿಗರನ್ನು ಬೀದಿಯಲ್ಲೇ ಬಿಟ್ಟು ಹಿಂದಿನ ಗಲ್ಲಿಗೆ ನುಗ್ಗಿದೆ.

ನ್ಯೂ ಟೌನಿನ ಕ್ವಾರ್ಟರ್ಸುಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂಥವು. ಅದೇ ಹಿತ್ತಲ ಗೇಟು, ಅದೇ ಮೂಲೆಯಲ್ಲಿ ಅದೇ ಬಾತ್‌ರೂಮು. ಹೀಗಾಗಿ ಇಲ್ಲಿಯವರು ಯಾರ ಮನೆಯಲ್ಲಾದರೂ ಕಣ್ಣುಮುಚ್ಚಿ ಅಲ್ಲಿಗೆ ತಲುಪಬಲ್ಲರು. ನಾನು ಗೆಳತಿ ಪದ್ಮಳ ಮನೆಯೆಂದುಕೊಂಡು ತಲುಪಿದೆ.

ಪರಮ ಶಾಂತಿಯಿಂದ ಹೊರಬಂದರೆ, ಎದುರಿಗೆ ಸೋಪು, ಟವೆಲ್ ಹಿಡಿದು ನಿಂತಿದ್ದವಳು ಷಕೀಲಾ. ಗ್ಯಾರೇಜ್ ಮೆಕ್ಯಾನಿಕ್ ಒಬ್ಬರ ಹೆಂಡತಿ. ದೊಡ್ಡ ಪಕ್ಷದ ಟಿಕೆಟ್ಟು ಪಡೆದು ನನ್ನ ಎದುರು ನಿಂತ ಅಭ್ಯರ್ಥಿ.

"ಒಳಗೆ ಸೋಪು ಖಾಲಿಯಾಗಿತ್ತು ಆಂಟಿ," ಎಂದಳು, ಏನೂ ಆಗಿಲ್ಲವೆಂಬಂತೆ. ಕೈಗೆ ನೀರು ಹಾಕುತ್ತ ಕೇಳಿದಳು, "ಮನೆಯಿರೋ ನಮಗೇ ಇಷ್ಟು ಅರ್ಜೆಂಟಾದ್ರೆ, ಸಂತೇಲಿ ಕೂತೋರು ಏನ್ಮಾಡ್ತಾರೆ?"

"ಅದಕ್ಕೇ ಕಣಮ್ಮ ನಾನು ನಿಂತಿರೋದು."

"ನಾನು ಬೀದಿದೀಪ ಹಾಕಿಸ್ತೀನಿ ಅಂತ ಹೇಳ್ಕೊಂಡು ತಿರುಗ್ತಿದ್ದೆ," ಎಂದು ಟವೆಲ್ ನನ್ನ ಕೈಗಿತ್ತಳು. ಆಮೇಲೆ ಚಹಾ ಕೊಟ್ಟಳು. ಕುಡಿದೆ. ನನಗೆ ಬುದ್ಧಿ ಬರುವ ಲಕ್ಷಣ ಇಲ್ಲವೇ ಇಲ್ಲ.

ಮುಂಬಾಗಿಲಿನಿಂದ ಅವಳ ಕೈಹಿಡಿದು ಹೊರಬಂದಾಗ ಅಲ್ಲಿ ಅವಳ ಕಡೆಯವರು, ನನ್ನನ್ನು ಹುಡುಕುತ್ತಿದ್ದ ನನ್ನ ಕಡೆಯವರು, ಎಲ್ಲರೂ ಸೇರಿದ್ದರು. ಉಪಕಾರ ಮಾಡಿದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು. ಇದೂ ಸಿಸ್ಟರ್ ಕಲಿಸಿದ್ದೇ. ಹೇಳಿದೆ. "ಕಷ್ಟಕ್ಕಾಗುವ ಹೆಣ್ಣುಮಗಳು. ಇಂಥವರು ಗೆದ್ದರೆ ವಾರ್ಡಿಗೇ ಒಳ್ಳೆಯದು."

ಗಂಟಲು ಕಟ್ಟದೆ, ತಡವರಿಸದೆ ನಾನು ಮಾಡಿದ ಏಕೈಕ ಚುನಾವಣಾ ಭಾಷಣ ಅದು. ಯಾರೋ ಮೊಬೈಲಿನಲ್ಲಿ ಹಿಡಿದರು. ಸಂಜೆಯೊಳಗೆ ವಾರ್ಡಿನ ಎಲ್ಲ ವಾಟ್ಸ್ಆ್ಯಪ್ ಗ್ರೂಪಿನಲ್ಲೂ ನಾನೇ.

"ನೀನು ಅವಳಿಗೆ ಬೆಂಬಲ ಕೊಟ್ಟು ಹಿಂದೆ ಸರಿದೆ ಅಂತ ಬಂದಿದೆ," ಎಂದರು ನಮ್ಮವರು.

"ಅದು ಜಸ್ಟ್ ಮ್ಯಾನರ್ಸ್."

"ಹೌದೌದು. ಮಧ್ಯಾಹ್ನದಿಂದ ನಿನ್ನ ಟಾಯ್ಲೆಟ್ಟೂ ಅವಳ ಆಟೋದ ಮೈಕಿನಲ್ಲಿ ಓಡಾಡ್ತಿದೆ. ಅದೂ ಮ್ಯಾನರ್ಸೇ ಇರಬೇಕು."

ನಾನು ಹಿಂದೆ ಸರಿದಿಲ್ಲ ಎಂದು ಎಲ್ಲರಿಗೂ ಸ್ಪಷ್ಟನೆ ಕೊಡಲು ಮರುದಿನ ಮತ್ತೆ ಹೊರಟೆ. ಎಲ್ಲ ಮನೆಯಲ್ಲೂ ಕಾಫಿ ಕೊಟ್ಟರು. ಸ್ಪಷ್ಟನೆ ಅರ್ಧಕ್ಕೇ ನಿಂತಿತು.

ಷಕೀಲಾ ಭರ್ಜರಿಯಾಗಿ ಗೆದ್ದಳು. ನನಗೆ ಓಟು ಹಾಕಿದವರನ್ನೆಲ್ಲ ನಮ್ಮ ಊಟದ ಟೇಬಲ್ ಸುತ್ತ ಕೂರಿಸಬಹುದಿತ್ತು. ಹೆಚ್ಚೆಂದರೆ ಅಡುಗೆಮನೆಯಿಂದ ಒಂದು ಸ್ಟೂಲ್ ತರಬೇಕಾಗುತ್ತಿತ್ತು. ಸೆಲ್ವಿಯಾದರೂ ನನಗೆ ಹಾಕಿರಬೇಕೆಂದು ಮೆಲ್ಲಗೆ ಕೇಳಿದೆ.

"ನಿಮಗೇ ಹಾಕಣ ಅಂತಿದ್ದೆ ಅಮ್ಮಾ. ಅವ್ರು ಗೆದ್ರೆ ಒಳ್ಳೇದು ಅಂತ ನೀವೇ ಅಂದ್ರಲ್ಲ. ನಿಮ್ಮ ಮಾತು ಮೀರಕ್ಕಾಗುತ್ತಾ?"

ಅಷ್ಟು ವಿಧೇಯಳಾದ ಕ್ಯಾಂಪೇನ್ ಮ್ಯಾನೇಜರ್ ಯಾರಿಗೂ ಸಿಗುವುದು ಬೇಡ.

ಆದರೆ ಷಕೀಲಾ ಮಾತು ತಪ್ಪಲಿಲ್ಲ. ನಗರಸಭೆಗೆ ಅಲೆದಲೆದು, ಕೂಗಾಡಿ, ಸಂತೆಯ ಮೂಲೆಯಲ್ಲಿ ಹಳದಿ ಬಣ್ಣದ ಚಂದದ ಟಾಯ್ಲೆಟ್ ಎಬ್ಬಿಸಿದಳು. ಟೇಪ್ ಕತ್ತರಿಸಲು ನನ್ನನ್ನೇ ಕರೆದಳು. ಮೊದಲು ಸೆಲ್ವಿಯನ್ನೇ ಒಳಗೆ ಕಳಿಸಬೇಕು, ಅದಕ್ಕೂ ಮುಂಚೆ ಮಹಿಳೆ ಮತ್ತು ಘನತೆಯ ಬಗ್ಗೆ ನಾಲ್ಕು ಮಾತಾಡಬೇಕು ಎಂದು ರಿಹರ್ಸಲ್ ಮಾಡಿಕೊಂಡು ಹೋಗಿದ್ದೆ. ಆದರೆ ಅತಿಥಿಗಳಿಗೆಲ್ಲ ಕಾಫಿ ಕೊಟ್ಟಿದ್ದರು. ಗಣ್ಯರೆಲ್ಲ ಉದ್ದುದ್ದ ಮಾತಾಡಿದ್ದರು. ಟೇಪ್ ಕತ್ತರಿಸಿದವಳೇ ಕತ್ತರಿಯನ್ನು ಷಕೀಲಾಳ ಕೈಗಿತ್ತು ಸೀದಾ ಒಳಗೆ ಹೋದೆ.

ಒಳಗಿದ್ದಾಗಲೇ ಹೊರಗೆ ಜೋರಾದ ಚಪ್ಪಾಳೆ ಕೇಳಿಸಿತು. ನನ್ನ ಕಣ್ಣು ತುಂಬಿ ಬಂತು. ಹೊರಬಂದು, ಸೆರಗು ಸರಿಮಾಡಿಕೊಂಡು, ಕೈಮುಗಿದು ಆರಂಭಿಸಿದೆ: "ನನ್ನ ಪ್ರೀತಿಯ ಮತದಾರ ಬಂಧುಗಳೇ…"

"ಅಮ್ಮಾ, ಫ್ಲಶ್ಶಲ್ಲಿ ನೀರು ಬಂತಲ್ಲ, ಅದಕ್ಕೆ ತಟ್ಟಿದ್ದು," ಎಂದಳು ಸೆಲ್ವಿ. ಅವಳ ಕೈಯಲ್ಲಿದ್ದ ನೀರಿನ ಬಾಟಲಿ ಆಗಲೇ ಖಾಲಿಯಾಗಿತ್ತು. "ಸ್ವಲ್ಪ ಜರುಗಿ, ನಾನು ಹೋಗ್ಬೇಕು."

ಜರುಗಿದೆ.