ಪಟ್ಟದ ಗೊಂಬೆಯನ್ನು ಮಸುಕು ಮಾಡಿದ ಕ್ಯಾಮೆರಾದವರಿಗೆ

ಚಾಮರಾಜಪೇಟೆ, ಬೆಂಗಳೂರು
ವಿಜಯದಶಮಿಯ ಮರುದಿನ, 2008

ಮಾನ್ಯ ಡಿಜಿಟಲ್ ಕ್ಯಾಮೆರಾದವರೇ,

ತಮ್ಮ ಬ್ಯಾಟರಿ ಸದಾ ತುಂಬಿರಲಿ, ಮೆಮರಿ ಕಾರ್ಡಿನಲ್ಲಿ ಸದಾ ಜಾಗವಿರಲಿ, ತಮ್ಮ ಒಡಲೊಳಗೆ ಚಾಮರಾಜಪೇಟೆಯ ಧೂಳು ಸೇರದಿರಲಿ ಎಂದು ಹಾರೈಸುತ್ತಾ, ಬಿಲ್ಲಿನಲ್ಲಿ ಮಾತ್ರ ತಮ್ಮ ಮಾಲೀಕನೆಂದು ನಮೂದಾಗಿರುವ ನಿವೃತ್ತ ಬ್ಯಾಂಕ್ ನೌಕರ ರಾಮಸ್ವಾಮಿ ಮಾಡಿಕೊಳ್ಳುವ ಬಿನ್ನಹ. ಕಳೆದ ವರ್ಷ ತಮ್ಮನ್ನು ಮನೆ ತುಂಬಿಸಿಕೊಂಡ ದಿನ ಕುಂಕುಮವಿಟ್ಟು ಆರತಿ ಎತ್ತಿದೆವು. ಆ ಕುಂಕುಮ ಒಂದು ಗುಂಡಿಯ ಸಂದಿಗೆ ಇಳಿದದ್ದಕ್ಕೆ ಆಗಲೇ ಕ್ಷಮೆ ಕೇಳಿದ್ದೇನೆ, ಈಗಲೂ ಕೇಳುತ್ತೇನೆ.

ನನ್ನ ಬಳಿ ಎಪ್ಪತ್ತರ ದಶಕದ ಒಂದು ಲೆನ್ಸ್ ಇರುವುದು ತಮಗೆ ತಿಳಿದದ್ದೇ. ಪೂರ್ತಿ ಲೋಹದ್ದು, ಕಲ್ಲಿನಷ್ಟು ಭಾರ, ತಾನಾಗಿ ಯಾವುದನ್ನೂ ಮಾಡದು. ಅದರ ಮೈಮೇಲಿನ ಬಳೆಯನ್ನು ಎಡಗೈಯಲ್ಲಿ ತಿರುಗಿಸಿ ಚಿತ್ರವನ್ನು ನಿಚ್ಚಳ ಮಾಡಿಕೊಳ್ಳಬೇಕು. ತಮಗೂ ಅದಕ್ಕೂ ಕುಲಗೋತ್ರ ಹೊಂದದಿದ್ದರೂ ಅಡಾಪ್ಟರ್ ಎಂಬ ಉಂಗುರವೊಂದನ್ನು ಅಂಚೆಯಲ್ಲಿ ತರಿಸಿ ಸಂಬಂಧ ಕುದುರಿಸಿದೆ. ತಾವು ಆ ಲೆನ್ಸನ್ನು ಮೂಗಿನ ಮೇಲೇ ಹೊತ್ತುಕೊಂಡು ಪರದೆಯ ಮೇಲೆ ಬರೆದದ್ದೇನು? ‘ಲೆನ್ಸ್ ಇಲ್ಲ.’ ಎದುರಿಗೇ ಕೂತ ಬೀಗರನ್ನು ನೋಡಿಯೂ ‘ನಿಮ್ಮ ಕಡೆಯಿಂದ ಯಾರೂ ಬಂದ ಹಾಗೆ ಕಾಣೆ’ ಎನ್ನುವ ಬೀಗಿತ್ತಿಯರನ್ನು ಬಸವನಗುಡಿಯ ಕಲ್ಯಾಣ ಮಂಟಪಗಳಲ್ಲಿ ಕಂಡಿದ್ದೇನೆ, ಆದರೆ ಅವರೂ ಊಟದ ಹೊತ್ತಿಗೆ ಸರಿಹೋಗುತ್ತಾರೆ. ಕೊನೆಗೆ ತಮ್ಮ ಮೆನುವಿನ ಪಾತಾಳದಲ್ಲಿ ‘ಲೆನ್ಸ್ ಇಲ್ಲದೆಯೂ ಚಿತ್ರ ತೆಗೆಯಬಹುದು’ ಎಂಬ ಅಪ್ಪಣೆ ಸಿಕ್ಕಿತು. ಹೀಗಾಗಿ ತಮ್ಮ ಕಡತಗಳ ಪ್ರಕಾರ ನಾನು ಇದುವರೆಗೆ ತೆಗೆದ ಎಲ್ಲ ಚಿತ್ರಗಳೂ ಬರಿಗಣ್ಣಿನ ತಪಸ್ಸಿನಿಂದ ಮೂಡಿದವು. ಈ ಗೌರವಕ್ಕೆ ನಾನು ಚಿರಋಣಿ.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಬಸವನಗುಡಿಯಲ್ಲಿ ಮಗ ಸೊಸೆಯೊಂದಿಗಿರುವ ನನ್ನ ಅಕ್ಕ ಚೂಡಾಮಣಿ, ನಿವೃತ್ತ ಇಂಗ್ಲಿಷ್ ಮೇಡಂ, ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸದೆ ನವರಾತ್ರಿಗೆ ಗೊಂಬೆ ಕೂರಿಸಿದವಳು. ಕಳೆದ ವರ್ಷ ಅಟ್ಟದಿಂದ ಟ್ರಂಕುಗಳನ್ನು ಇಳಿಸುವಾಗ ಅವಳ ಮಗ ಶ್ರೀಹರಿ ಸೊಂಟ ಹಿಡಿದುಕೊಂಡು, ‘ಅಮ್ಮಾ, ಇಷ್ಟೊಂದು ಗೊಂಬೆ ಯಾಕಮ್ಮ ಬೇಕು?’ ಎಂದುಬಿಟ್ಟ. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ‘ಈ ಸಲವೇ ಕೊನೆ. ಹಬ್ಬ ಮುಗೀಲಿ, ಎಲ್ಲಾನೂ ಹಂಚಿಬಿಡ್ತೀನಿ’ ಎಂದು ನೆಂಟರಿಗೆಲ್ಲ ಫೋನ್ ಮಾಡಿದಳು. ಸಂಜೆಯ ಹೊತ್ತಿಗೆ ಸಿಟ್ಟು ಇಳಿದಿತ್ತು, ಮಾತು ಮಾತ್ರ ಮಲ್ಲೇಶ್ವರ ಮುಟ್ಟಿತ್ತು. ಸೊಸೆ ಧೃತಿ, ‘ಅತ್ತೆ, ಇಟ್ಕೊಳ್ಳಿ, ಯಾರೇನು ಅನ್ಕೊಳ್ತಾರೆ’ ಎಂದು ಬೇಡಿಕೊಂಡರೂ, ‘ಆಡಿದ ಮಾತು ಆಡಿಯಾಯ್ತು’ ಎಂದಳೇ ಹೊರತು ಜಗ್ಗಲಿಲ್ಲ. ನಮ್ಮ ವಂಶದಲ್ಲಿ ಜೀವ ಬಿಟ್ಟವರಿದ್ದಾರೆ, ಆಡಿದ ಮಾತನ್ನು ವಾಪಸು ತೆಗೆದುಕೊಂಡವರಿಲ್ಲ. ಅವಳು ಕೇಳಿದ್ದು ಒಂದೇ: ಹಂಚುವ ಮೊದಲು ಎಲ್ಲ ಗೊಂಬೆಗಳೂ ಒಟ್ಟಿಗಿರುವ ಒಂದು ಫೋಟೊ.

ತಮ್ಮನ್ನು ಹೆಗಲಿಗೇರಿಸಿಕೊಂಡು ಹೋದೆ. ಅಕ್ಕನಿಗೆ ಫ್ಲ್ಯಾಶ್ ಆಗದು, ದೀಪದ ಬೆಳಕಿನಲ್ಲೇ ತೆಗೆಯಬೇಕು. ಅದಕ್ಕೆಂದು ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದೆ. ಹಾಗೆ ತೆರೆದರೆ ಬೆಳಕು ಧಾರಾಳ, ಆದರೆ ನಿಚ್ಚಳವಾಗುವುದು ಗೇಣುದ್ದದ ಜಾಗ ಮಾತ್ರ. ನನ್ನ ಹಳೆಯ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಗಾಜಿನಲ್ಲಿ ಫೋಕಸ್ ಕೂಡುವ ತನಕ ಚಿತ್ರ ಎರಡು ಹೋಳಾಗಿ ಕಾಣುತ್ತಿತ್ತು. ತಮ್ಮ ಗಾಜಿನಲ್ಲಿ ಎಲ್ಲವೂ ಒಂದೇ ಸಮ ಚೆಂದ. ಬಳೆಯನ್ನು ತಿರುಗಿಸುತ್ತಾ, ಸಾಲದೆಂದು ಮೈಯನ್ನೂ ಹಿಂದಕ್ಕೆ ಮುಂದಕ್ಕೆ ತೂಗುತ್ತಾ ನಿಂತೆ. ಆರತಿಗೆ ಬಂದಿದ್ದ ಎದುರು ಮನೆಯ ಗುರುಬಸಮ್ಮನವರು, ‘ಅಯ್ಯೋ, ರಾಮಸ್ವಾಮಿಯವರಿಗೆ ತಲೆ ಸುತ್ತು ಬಂದಿದೆ ಕಣ್ರೀ’ ಎಂದು ನಿಂಬೆಹಣ್ಣಿನ ಶರಬತ್ತು ತಂದು ಕುಡಿಸಿದರು. ಕುಡಿದೆ. ಆಮೇಲೆ ಗುಂಡಿ ಒತ್ತಿದೆ.

ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದಾದ ತಮ್ಮ ಪರದೆಯ ಮೇಲೆ ಆ ಚಿತ್ರವನ್ನು ಎಷ್ಟು ಚೆಂದ ತೋರಿಸಿದಿರಿ! ಎಲ್ಲರೂ ಬಗ್ಗಿ ನೋಡಿ ಬೆನ್ನು ತಟ್ಟಿದರು. ಅಕ್ಕ ಸಂಪ್ರದಾಯದಂತೆ ಪಟ್ಟದ ಗೊಂಬೆಗಳಾದ ರಾಜ ರಾಣಿಯರನ್ನು ಮಲಗಿಸಿದಳು. ಮಲಗಿಸಿದ ಗೊಂಬೆಯನ್ನು ಮುಂದಿನ ನವರಾತ್ರಿಯವರೆಗೆ ಎಬ್ಬಿಸುವಂತಿಲ್ಲ. ಮಾರನೆಯ ದಿನವೇ ತಾಂಬೂಲದೊಂದಿಗೆ ಹಂಚಿದ್ದೂ ಆಯಿತು. ಮಲ್ಲೇಶ್ವರದ ಚಿಕ್ಕಪ್ಪನ ಮಗಳು ಆರಾಧನಾಗೆ ರಾಜ ರಾಣಿಯರನ್ನು ಕೊಡುವಾಗ ಅಕ್ಕ ಆ ಡಬ್ಬಿಯನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು; ಆರಾಧನಾ ಕೈಚಾಚಿಕೊಂಡೇ ನಿಂತಿದ್ದಳು.

ಗಾಂಧಿಬಜಾರಿನಲ್ಲಿ ಪ್ರಿಂಟು ಹಾಕಿಸಿದಾಗ ತಮ್ಮ ಪ್ರತಿಭೆಯ ಪೂರ್ಣ ದರ್ಶನವಾಯಿತು. ಕೆಳಗಿನ ಮೆಟ್ಟಿಲಲ್ಲಿ ಅಂಗಡಿ ಇಟ್ಟು ಕೂತ ಶೆಟ್ಟಿಯ ಗೊಂಬೆಯ ಹೊಟ್ಟೆ ಮಾತ್ರ ನಿಚ್ಚಳ. ಅವನ ಮುಂದಿನ ಕಡಲೆಬೇಳೆ ಒಂದೊಂದೂ ನಿಚ್ಚಳ. ಮೇಲಿನ ದಶಾವತಾರವೆಲ್ಲ ಒಂದೇ ಅವತಾರ. ರಾಜ ರಾಣಿ ಎರಡು ಕೆಂಪು ಹೊಗೆ. ನನಗೆ ನಿಜಕ್ಕೂ ಅಳು ಬಂತು. ಅಕ್ಕನಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು. ಬೈಗುಳಕ್ಕೆ ತಲೆಬಾಗಿಸಿ ನಿಂತವನಿಗೆ, ‘ಹೋಗ್ಲಿ ಬಿಡೋ, ಮುಂದಿನ ವರ್ಷ ಎಲ್ರೂ ಒಂದ್ಸಲ ತಂದುಕೊಡ್ಲಿ, ಇನ್ನೊಂದು ತೆಗಿ’ ಎಂದಳು. ದನಿಯಲ್ಲಿ ಬೇಸರವೇ ಇರಲಿಲ್ಲ. ಅದನ್ನು ನಾನು ಒಡಹುಟ್ಟಿದವಳ ದೊಡ್ಡ ಮನಸ್ಸು ಎಂದುಕೊಂಡೆ.

ಈ ವರ್ಷ ಎಲ್ಲರೂ ತಂದರು. ಕುಮಾರ ಪಾರ್ಕಿನಿಂದ ಕೃಷ್ಣ ಆಟೋದಲ್ಲಿ ಬಂದ, ಮಲ್ಲೇಶ್ವರದಿಂದ ರಾಜ ರಾಣಿಯರು ಆರಾಧನಾಳ ತೊಡೆಯ ಮೇಲೆ ಕೂತು ಬಂದರು. ನಾನೂ ಬುದ್ಧಿ ಕಲಿತಿದ್ದೆ. ಮೂರು ಕಾಲಿನ ಸ್ಟ್ಯಾಂಡು ಹಾಕಿ, ಲೆನ್ಸಿನ ಕಿಂಡಿ ಕಿರಿದು ಮಾಡಿ, ತಮ್ಮ ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಶೆಟ್ಟಿಯಿಂದ ರಾಣಿಯ ಮೂಗುತಿಯವರೆಗೆ ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ನನ್ನ ಜನ್ಮದಲ್ಲಿ ಅಂಥ ಇನ್ನೊಂದು ಚಿತ್ರ ತೆಗೆದಿಲ್ಲ. ಅಕ್ಕ ಸುಮ್ಮನೆ ಹೋಗಿ ರಾಜ ರಾಣಿಯರನ್ನು ಮಲಗಿಸಿ ಬಂದು, ‘ಎಲ್ಲಿ, ಕೊಡು, ನೋಡ್ತೀನಿ’ ಎಂದು ತಮ್ಮನ್ನು ಕೈಗೆತ್ತಿಕೊಂಡಳು. ಮರುಗಳಿಗೆ, ‘ಅಯ್ಯೋ, ಏನೋ ಒತ್ಬಿಟ್ನಲ್ಲೋ!’

ಚಿತ್ರ ಅಳಿಸಿಹೋಗಿತ್ತು, ಮಲಗಿದ ರಾಜ ರಾಣಿಯರನ್ನು ಎಬ್ಬಿಸುವಂತಿರಲಿಲ್ಲ. ನೆಂಟರೆಲ್ಲ ಲೊಚಗುಟ್ಟಿದರು. ಅಕ್ಕ ಕಣ್ಣೊರೆಸಿಕೊಂಡು, ‘ಫೋಟೊ ಇಲ್ದೆ ಹೇಗೆ ಕಳಿಸ್ಲಿ? ಈ ವರ್ಷ ಇಲ್ಲೇ ಇರ್ಲಿ. ಮುಂದಿನ ವರ್ಷ ಇವನು ಸರಿಯಾಗಿ ತೆಗೀತಾನೆ, ಆಮೇಲೆ ತಗೊಂಡ್ ಹೋಗಿ’ ಎಂದಳು. ಶ್ರೀಹರಿ ಸೊಂಟ ಹಿಡಿದುಕೊಂಡೇ ಟ್ರಂಕುಗಳನ್ನು ಅಟ್ಟಕ್ಕೆ ಏರಿಸಿದ.

ಮಾನ್ಯರೇ, ತಮ್ಮಲ್ಲಿ ಒಂದು ಚಿತ್ರವನ್ನು ಅಳಿಸಬೇಕಾದರೆ ಒಂದು ಗುಂಡಿ ಒತ್ತಿದರೆ ಸಾಲದು. ಮೊದಲು ಕಸದಬುಟ್ಟಿಯ ಗುಂಡಿ ಒತ್ತಬೇಕು. ಆಗ ತಾವು ‘ನಿಜವಾಗಿಯೂ ಅಳಿಸಲೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತೀರಿ. ಉತ್ತರವನ್ನು ಮೊದಲೇ ‘ಬೇಡ’ ಎಂದೇ ಇಟ್ಟಿರುತ್ತೀರಿ. ಅದನ್ನು ‘ಹೌದು’ ಎಂಬಲ್ಲಿಗೆ ಸರಿಸಿ, ಮತ್ತೆ ಒತ್ತಬೇಕು. ಇಷ್ಟನ್ನೂ ನನ್ನಕ್ಕ, ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು, ಕನ್ನಡಕ ಹಾಕಿಕೊಂಡೇ ಮಾಡಿದಳು.

ಆದ್ದರಿಂದ ನನ್ನ ದೂರೆಲ್ಲವನ್ನೂ ಹಿಂದಕ್ಕೆ ಪಡೆದು, ಈ ಕೆಳಗಿನದನ್ನು ಮಾತ್ರ ಪ್ರಾರ್ಥಿಸುತ್ತೇನೆ. ತಾವು ಯಾವ ಕಾರಣಕ್ಕೂ ಸುಧಾರಿಸಬಾರದು. ಮುಂದಿನ ವರ್ಷ ನಾನೂ ಬಳೆಯನ್ನು ಕೂದಲೆಳೆಯಷ್ಟು ಹೆಚ್ಚಾಗಿ ತಿರುಗಿಸುತ್ತೇನೆ, ಅಕ್ಕನಿಗೆ ಮತ್ತೆ ಅಷ್ಟು ಗುಂಡಿ ಒತ್ತುವ ಶ್ರಮ ಬೇಡ. ನೆಂಟರ ಮುಂದೆ ಫೋಟೊ ತೆಗೆಯಲು ಬಾರದವನೆಂಬ ಹೆಸರನ್ನು ಹೊತ್ತು, ಅವಳು ಇರುವಷ್ಟು ಕಾಲ ಪ್ರತಿ ನವರಾತ್ರಿಗೂ ನಾನು ಬಂದು ತೂಗುತ್ತಾ ನಿಲ್ಲುವವನೇ.

ತಮ್ಮ ಮಸುಕುಗಳಿಗೆಲ್ಲ ಪಾಲುದಾರನೂ
ತಮ್ಮ ವಿಶ್ವಾಸಿಯೂ ಆದ,
ರಾಮಸ್ವಾಮಿ

ತಾ.ಕ.: ತಮ್ಮ ಕುಲದ ಹೊಸ ತಲೆಮಾರಿನವರು ಎದುರಿಗಿರುವ ಮುಖವನ್ನು ತಾವೇ ಹುಡುಕಿ ಫೋಕಸ್ ಮಾಡುತ್ತಾರಂತೆ, ಆರಾಧನಾ ಅಂಥದೊಂದನ್ನು ಕೊಳ್ಳುವವಳಿದ್ದಾಳಂತೆ. ಸುದ್ದಿ ತಿಳಿದ ಅಕ್ಕ ಕೂಡಲೇ ಫೋನ್ ಮಾಡಿ, ‘ಯಾಕಮ್ಮ ದುಡ್ಡು ದಂಡ? ನಮ್ಮ ರಾಮು ಹತ್ರ ಇರೋದಕ್ಕಿಂತ ಒಳ್ಳೇ ಕ್ಯಾಮೆರಾ ಬೆಂಗಳೂರಲ್ಲೇ ಇಲ್ಲ’ ಎಂದಳು. ತಮ್ಮನ್ನು ಇದುವರೆಗೆ ಹೊಗಳಿದವಳು ಅವಳೊಬ್ಬಳೇ. ಏತಕ್ಕೆ ಹೊಗಳಿದಳೆಂದು ತಾವು ಹೆಚ್ಚು ಯೋಚಿಸದಿರುವುದೇ ಮರ್ಯಾದೆ.