ಎಡಬದಿಯ ವೈಪರ್

ನಾನು ದೇವರನ್ನು ನಂಬುವುದಿಲ್ಲ, ಜಾತಕವನ್ನು ನಂಬುವುದಿಲ್ಲ, ಟಿವಿಯಲ್ಲಿ ಹೇಳುವ ಹವಾಮಾನವನ್ನಂತೂ ನಂಬುವುದೇ ಇಲ್ಲ. ಮೊದಲೆಲ್ಲ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಧಾರವಾಡದಲ್ಲಿ ತರ್ಕಶಾಸ್ತ್ರ ಓದಿ, ಯಲ್ಲಾಪುರದಲ್ಲಿ ಸ್ವಲ್ಪ ಕಾಲ, ಆಮೇಲೆ ಸಿರಸಿಯಲ್ಲಿ ಅದನ್ನೇ ಪಾಠ ಮಾಡಿದವನಿಗೆ ಅಷ್ಟಾದರೂ ಹೆಮ್ಮೆ ಬೇಡವೇ? ನಿವೃತ್ತನಾದ ಮೇಲೆ ನಾನು ನಂಬದ ಸಂಗತಿಗಳಿಗೆ ಹೊಸದೊಂದು ಸೇರಿಕೊಂಡಿದೆ. ಅದು ನನ್ನದೇ ನೆನಪು. ಗ್ಯಾಸ್ ಆರಿಸಿದ್ದೀಯ ಎಂದು ನೆನಪು ಹೇಳುತ್ತದೆ. ಸಾಕ್ಷ್ಯ ಎಲ್ಲಿ ಎಂದು ನಾನು ಕೇಳುತ್ತೇನೆ. ಅದು ತಡವರಿಸುತ್ತದೆ. ಸಿರಸಿ ಹತ್ತಿರ ಇಸಳೂರಿನಲ್ಲಿರುವ ನನ್ನ ಮನೆಯ ಬೀಗ ಮತ್ತೆ ತೆಗೆದು ಒಳಗೆ ಹೋಗಿ ನೋಡಿದರೆ ಗ್ಯಾಸ್ ಆರಿಸಿಯೇ ಇರುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅಂಗಳದಿಂದಲೇ ಕೂಗಿ ಕೇಳಬಹುದಿತ್ತು. ಒಬ್ಬನೇ ಇರುವವನಿಗೆ ಅಡುಗೆ ಅಷ್ಟೇನೂ ಕಷ್ಟವಲ್ಲ, ಸಾಕ್ಷಿ ಸಿಗುವುದು ಕಷ್ಟ.

ಆದ್ದರಿಂದ ನನಗೆ ಗಣಪಣ್ಣ ಬಹಳ ಬೇಕಾದ ಮನುಷ್ಯ. ನಮ್ಮ ಕಾಲೇಜಿನ ಆಫೀಸಿನಲ್ಲಿದ್ದವನು, ನನ್ನ ಜೊತೆಗೇ ನಿವೃತ್ತನಾಗಿ ಈಗ ಹೆಗಡೆಕಟ್ಟಾದಲ್ಲಿದ್ದಾನೆ. ಶನಿವಾರ ಬಂತೆಂದರೆ ಬಸ್ಸಿನಲ್ಲಿ ಸಿರಸಿಗೆ ಬರುತ್ತಿದ್ದ. ಅಲ್ಲಿಂದ ನನ್ನ ಕಾರಿನಲ್ಲಿ ಇಬ್ಬರೂ ಸಿದ್ದಾಪುರಕ್ಕೆ ಹೋಗಿ ಬನ್ಸ್ ತಿಂದು ಬರುವುದು. ಸಿರಸಿಯಲ್ಲಿ ಬನ್ಸ್ ಸಿಗುವುದಿಲ್ಲವೇ ಎಂದರೆ ಧಾರಾಳವಾಗಿ ಸಿಗುತ್ತದೆ. ಆದರೆ ಅದನ್ನು ತಿನ್ನಲು ಇಷ್ಟು ದೂರ ಮಾತಾಡಿಕೊಂಡು ಹೋಗಬೇಕಾಗಿಲ್ಲ. ಗಣಪಣ್ಣ ಎಲೆಯಡಿಕೆಯ ಕವಳ ಹಾಕಿಕೊಂಡು ಎಡಗಡೆಯ ಸೀಟಿನಲ್ಲಿ ಕೂತನೆಂದರೆ ಊರಿನ ಸುದ್ದಿಯೆಲ್ಲ ಬಾಯಿಂದ ಕೆಂಪಗೆ ಹೊರಡುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಅವನು ಕಣ್ಣುಮುಚ್ಚಿ ಕೂರುತ್ತಿದ್ದ. ಮಳೆಯ ತಂಪಿಗೆ ನಿದ್ದೆ ಬರುತ್ತದೆ ಎಂದು ನಾನು ತಿಳಿದಿದ್ದೆ.

ನನ್ನ ಕಾರಿನ ಎರಡೂ ವೈಪರುಗಳು ಮೊದಲಿನಿಂದಲೂ ಸರಿಯಾಗಿ ಒರೆಸುತ್ತಿರಲಿಲ್ಲ, ಈ ಸಲ ಮಳೆ ಹಿಡಿಯುವ ಹೊತ್ತಿಗೆ ಪೂರ್ತಿ ಕೆಟ್ಟಿದ್ದವು. ಬೇಸಿಗೆಯಿಡೀ ಬಿಸಿಲು ಕುಡಿದು ರಬ್ಬರ್ ಸೆಟೆದುಕೊಂಡಿತ್ತು. ಎಡಗಡೆಯದಂತೂ ತುದಿಯಲ್ಲಿ ಹರಿದು ಬಾಲದ ಹಾಗೆ ಜೋತಾಡುತ್ತಿತ್ತು. ಎರಡೂ ನೀರು ಒರೆಸುವುದರ ಬದಲು ಅದನ್ನು ಗಾಜಿನ ತುಂಬ ಸಮನಾಗಿ ಹಂಚುತ್ತಿದ್ದವು. ರಬ್ಬರನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸಬೇಕು, ಕಾರನ್ನು ಬಿಸಿಲಲ್ಲಿ ನಿಲ್ಲಿಸಿದರೆ ವೈಪರನ್ನು ಗಾಜಿನಿಂದ ಎತ್ತಿಡಬೇಕು ಎಂದು ತಿಳಿದವರು ಹೇಳುತ್ತಾರೆ. ನಾನೂ ಕೆಲವು ದಿನ ಎತ್ತಿಟ್ಟೆ. ಎರಡೂ ಕೈ ಮೇಲೆತ್ತಿಕೊಂಡು ಗೇಟಿನೊಳಗೆ ನಿಂತ ಕಾರು ಪೊಲೀಸರಿಗೆ ಶರಣಾದಂತೆ ಕಾಣುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅದರ ಮುಖ ನೋಡುವುದನ್ನು ನನಗೆ ಸಹಿಸಲಾಗಲಿಲ್ಲ. ಬಿಟ್ಟುಬಿಟ್ಟೆ.

ಸಿರಸಿಯಲ್ಲಿ ಮುನೀರ್ ಸಾಹೇಬರ ಬಿಡಿಭಾಗದ ಅಂಗಡಿಗೆ ಹೋದೆ. ವೈಪರಿನಲ್ಲಿ ಇಷ್ಟೊಂದು ಜಾತಿಯಿದೆ ಎಂದು ಗೊತ್ತಿರಲಿಲ್ಲ. ಎಲುಬು ಕಾಣುವ ಕಬ್ಬಿಣದ್ದು, ಎಲುಬಿಲ್ಲದ ಚಪ್ಪಟೆಯದು, ಕಪ್ಪು ಪುಡಿ ಬಳಿದದ್ದು. ಬಲಗಡೆಯದು ಉದ್ದ, ಎಡಗಡೆಯದು ಗಿಡ್ಡ ಎಂದು ನೆನಪು ಹೇಳಿತು. ಅದನ್ನು ನಂಬದೆ ಹೊರಗೆ ಹೋಗಿ ಕಾರು ನೋಡಿ ಬಂದೆ. ಈ ಸಲ ಅದು ಹೇಳಿದ್ದು ನಿಜವಾಗಿತ್ತು. ಆದರೆ ಸಾಹೇಬರು ಜೋಡಿ ಕಟ್ಟಲು ಹೊರಟಾಗ ನನ್ನ ತರ್ಕಶಾಸ್ತ್ರ ಎಚ್ಚರವಾಯಿತು. ಕಾರು ಓಡಿಸುವವನು ಬಲಗಡೆ ಕೂರುತ್ತಾನೆ. ಎಡಗಡೆ ಕೂರುವವನು ಗಣಪಣ್ಣ ಒಬ್ಬನೇ. ಮಳೆ ಬಂದರೆ ಗಣಪಣ್ಣ ನಿದ್ದೆ ಮಾಡುತ್ತಾನೆ. ನಿದ್ದೆ ಮಾಡುವವನಿಗೆ ವೈಪರ್ ಬೇಕಾಗಿಲ್ಲ. ಆದ್ದರಿಂದ ಒಂದೇ ಸಾಕು ಎಂದೆ.

“ಒಂದೇ ಕಣ್ಣಿಗೆ ಯಾರಾದ್ರೂ ಚಷ್ಮಾ ಹಾಕಿಸ್ತಾರಾ ಸರ್?” ಎಂದರು ಸಾಹೇಬರು.

ಹೋಲಿಕೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಅವರಿಗೆ ವಿವರಿಸಿ ಬಲಗಡೆಯದನ್ನು ಮಾತ್ರ ಹಾಕಿಸಿಕೊಂಡು ಬಂದೆ.

ಆ ಶನಿವಾರ ಗಣಪಣ್ಣ ಬಂದ, ಬನ್ಸ್ ತಿಂದ, ಹೋದ. ಮುಂದಿನ ಶನಿವಾರ ಮೊಳಕಾಲು ನೋವೆಂದು ಫೋನು ಮಾಡಿದ. ಅದರ ಮುಂದಿನ ವಾರವೂ ಮೊಳಕಾಲೇ. ಆಮೇಲೆ ಫೋನೂ ಬರಲಿಲ್ಲ. ನಾನು ಒಬ್ಬನೇ ಸಿದ್ದಾಪುರಕ್ಕೆ ಹೋಗಿ ಬಂದೆ. ಒಬ್ಬನೇ ತಿಂದರೆ ಬನ್ಸ್ ಬೇಗ ಮುಗಿಯುತ್ತದೆ. ಹೋಟೆಲಿನವರು ಅಭ್ಯಾಸಬಲದಿಂದ ಎರಡು ಲೋಟ ನೀರು ಇಟ್ಟು, ಆಮೇಲೆ ಒಂದನ್ನು ತೆಗೆದುಕೊಂಡು ಹೋದರು. ದಾರಿಯಲ್ಲಿ ನನ್ನೆದುರು ರಸ್ತೆ ಲಖಲಖ ಹೊಳೆಯುತ್ತಿತ್ತು. ಎಡಗಡೆ ಮರ, ಮನೆ, ಕೊಡೆ ಹಿಡಿದ ಜನ ಎಲ್ಲವೂ ಕಲಸಿಹೋಗಿ ಹಸಿರು ಅಂಬಲಿಯಾಗಿತ್ತು. ಖಾಲಿ ಸೀಟಿನ ಕಡೆ ತಿರುಗಿ ನಾನು ಏನೋ ಹೇಳಿದೆ ಎಂದು ಕಾಣುತ್ತದೆ. ಹೇಳಿದೆನೋ, ಬರೇ ಅಂದುಕೊಂಡೆನೋ, ಅದಕ್ಕೂ ಸಾಕ್ಷಿಯಿಲ್ಲ.

ಅವನಿಗೆ ನಾನೇನಾದರೂ ಅಂದಿರಬೇಕು ಎಂಬ ಅನುಮಾನ ಹುಟ್ಟಿತು. ಕೊನೆಯ ಶನಿವಾರದ ಮಾತನ್ನೆಲ್ಲ ನೆನಪು ಮಾಡಿಕೊಂಡೆ. ಅವನು ಸತ್ಯನಾರಾಯಣ ಕಥೆಗೆ ಕರೆದಾಗ ನಾನು ಬರುತ್ತೇನೆಂದು ನಕ್ಕ ಹಾಗೆ ಒಂದು ನೆನಪು. ಕಥೆಯನ್ನೇ ಗೇಲಿ ಮಾಡಿ ನಕ್ಕ ಹಾಗೆ ಇನ್ನೊಂದು. ಎರಡರಲ್ಲಿಯೂ ನಾನು ನಕ್ಕದ್ದಂತೂ ಖಚಿತ. ರಾತ್ರಿ ಮೊದಲನೆಯದು ನಿಜವೆನಿಸಿದರೆ ಬೆಳಿಗ್ಗೆ ಎರಡನೆಯದು ನಿಜವೆನಿಸುತ್ತಿತ್ತು. ಇರುವ ಒಬ್ಬ ಗೆಳೆಯನನ್ನು ಯಾವ ಮಾತಿನಿಂದ ಕಳೆದುಕೊಂಡೆ ಎಂಬುದೂ ಗೊತ್ತಿಲ್ಲವೆಂದರೆ ಹೇಗೆ? ಯಾವುದಕ್ಕೂ ಇರಲಿ, ಎರಡಕ್ಕೂ ಸೇರಿಸಿ ಕ್ಷಮೆ ಕೇಳೋಣವೆಂದು ಹೆಗಡೆಕಟ್ಟಾಕ್ಕೆ ಹೋದೆ.

ಗಣಪಣ್ಣ ಜಗಲಿಯಲ್ಲಿ ಕವಳ ಮಡಿಸುತ್ತ ಕೂತಿದ್ದ. ನನ್ನನ್ನು ಕಂಡವನೇ ಮೊಳಕಾಲು ಹಿಡಿದುಕೊಂಡ. ಅವನ ಹೆಂಡತಿ ಸಾವಿತ್ರಿ ಕಷಾಯ ತಂದಿಟ್ಟಳು. ನಾನು ಕ್ಷಮೆ ಕೇಳಿದೆ. ಯಾವುದಕ್ಕೆ ಎಂದು ಅವನು ಕೇಳಿದ. ನೀನೇ ಹೇಳಬೇಕು ಎಂದೆ. ಅವನು ಮಳೆ, ಅಡಿಕೆಯ ಕೊಳೆರೋಗ ಎಂದು ಎಲ್ಲೆಲ್ಲಿಗೋ ಹೋದ. ನಮ್ಮ ಕಡೆಯ ಕ್ರಮವೇ ಹಾಗೆ. ಊಟಕ್ಕೆ ಬಂದವರು ಸಾರಿಗೆ ಉಪ್ಪಿಲ್ಲ ಎಂದು ಸತ್ತರೂ ಹೇಳುವುದಿಲ್ಲ, ಮಜ್ಜಿಗೆ ಬರಲಿ ಎನ್ನುತ್ತಾರೆ. ಇನ್ನೊಬ್ಬರ ಕಾರಿನಲ್ಲಿ ಪುಕ್ಕಟೆ ಕೂತು ಹೋಗುವವನು ಕಾರಿನ ಕೊರತೆ ಹೇಳುವುದುಂಟೇ?

ಕೊನೆಗೆ ಸಾವಿತ್ರಿಗೇ ತಡೆಯಲಿಲ್ಲ. “ಇವಕ್ಕೆ ಎಂತ ಮೊಳಕಾಲು ನೋವು ಭಾವ? ನಿನ್ನೆ ಮರ ಹತ್ತಿ ಹಲಸಿನಹಣ್ಣು ಇಳ್ಸಿದ್ದ,” ಎಂದಳು.

ಗಣಪಣ್ಣ ಕವಳವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ. ನೀನು ನಿನ್ನ ಬದಿಗೆ ಮಾತ್ರ ವೈಪರ್ ಹಾಕಿಸಿದೆಯಲ್ಲ ಎಂದ. ನಾನು ತರ್ಕ ಮಂಡಿಸಿದೆ: ನೀನು ಹೇಗೂ ನಿದ್ದೆ ಮಾಡುತ್ತಿದ್ದೆ.

“ಆನು ಯಾವತ್ತು ನಿದ್ದೆ ಮಾಡಿದ್ದಿ? ಎದುರಿಗೆ ಎಂತೂ ಕಾಣ್ತಿಲ್ಲೆ, ಹೆದರಿಕೆ ಆಗ್ತು ಹೇಳಿ ಕಣ್ಣು ಮುಚ್ಚಿಗ್ಯಂಡು ಕೂರ್ತಿದ್ದಿ.” ಹೆದರಿ ಕಣ್ಣು ಮುಚ್ಚಿದ್ದನ್ನು ಒಪ್ಪಿಕೊಂಡವನು ಅಂಗಳ ನೋಡುತ್ತ ಮುಂದುವರಿಸಿದ. “ಮೊದ್ಲು ಅದೂ ಅಡ್ಡಿ ಇತ್ತಿಲ್ಲೆ ಮಾರಾಯ. ನಿಂಗೂ ಕಾಣ್ತಿತ್ತಿಲ್ಲೆ, ಎಂಗೂ ಕಾಣ್ತಿತ್ತಿಲ್ಲೆ. ಒಟ್ಟಿಗೆ ಹೋದಾಂಗೆ ಆಗ್ತಿತ್ತು.”

ಕಾಣದ್ದರಿಂದ ಕಣ್ಣು ಮುಚ್ಚಿದವನನ್ನು, ಕಣ್ಣು ಮುಚ್ಚಿದ್ದರಿಂದ ಕಾಣಬೇಕಾಗಿಲ್ಲದವನು ಎಂದು ಸಾಧಿಸಿದ್ದೆ. ಪರೀಕ್ಷೆಯಲ್ಲಿ ಹುಡುಗರು ಹೀಗೆ ಬರೆದರೆ ಸೊನ್ನೆ ಕೊಡುತ್ತಿದ್ದೆ. ಕಷಾಯ ಕುಡಿದು ನೇರ ಸಿರಸಿಗೆ ಬಂದು ಎಡಗಡೆಯದನ್ನೂ ಹಾಕಿಸಿದೆ. ಮುನೀರ್ ಸಾಹೇಬರು ಹಾಕಿಕೊಟ್ಟು, ತಮ್ಮ ಚಷ್ಮಾದ ಎರಡೂ ಗಾಜು ಒರೆಸಿಕೊಂಡರು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಈ ಶನಿವಾರ ಗಣಪಣ್ಣ ಬಂದ. ಕಣ್ಣು ಮುಚ್ಚಲೇ ಇಲ್ಲ. ಎಡಗಡೆಯ ಗಾಜು ತಿಳಿಯಾದದ್ದೇ ತಡ, ಅವನಿಗೆ ಎಲ್ಲವೂ ಕಾಣತೊಡಗಿತು. ಹೊಂಡ ಇದ್ದು, ಎಮ್ಮೆ ಇದ್ದು, ಗೇರು ಇಳಿಸು, ಆ ಲಾರಿಯವನಿಗೆ ದಾರಿ ಬಿಡು ಎಂದು ಉದ್ದಕ್ಕೂ ನಡೆಸಿದ. ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ಕಾರು ನಿಲ್ಲಿಸಿ ಇಳಿಸಿಬಿಡುತ್ತಿದ್ದೆ. ಈಗ ಹೊಂಡ ಕಂಡರೂ ಅವನು ಹೇಳುವವರೆಗೆ ಕಾಯುತ್ತಿದ್ದೆ. ಸಿದ್ದಾಪುರ ಹತ್ತಿರ ಬರುವಾಗ ಮಳೆ ನಿಂತು ಎಳೆಬಿಸಿಲು ಬಿತ್ತು. ಒಣಗಾಜಿನ ಮೇಲೆ ಎರಡು ಹೊಸ ವೈಪರುಗಳೂ ಕಿರ್ರೋ ಎಂದು ಅರಚತೊಡಗಿದವು. ಹೀಗೆ ಉಜ್ಜಿದರೆ ರಬ್ಬರ್ ಬಹಳ ದಿನ ಬಾಳುವುದಿಲ್ಲ.

“ಮಳೆ ನಿಂತು ಎಷ್ಟು ಹೊತ್ತಾತು. ಅದ್ನ ನಿಲ್ಸ ಮಾರಾಯ, ನೆನಪಿಲ್ಯಾ ನಿಂಗೆ?” ಎಂದ ಗಣಪಣ್ಣ.

ಮರೆತುಹೋಯಿತು ಎಂದು ಹೇಳಿ ನಿಲ್ಲಿಸಿದೆ. ಮರೆತಿರಲಿಲ್ಲ. ಮಳೆ ನಿಂತ ಕೂಡಲೇ ಕೈ ಸ್ವಿಚ್ಚಿನ ಹತ್ತಿರ ಹೋಗಿತ್ತು, ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೆ. ನನ್ನ ನೆನಪಿನ ಬಗ್ಗೆ ನಾನು ಆಣೆಯಿಟ್ಟು ಹೇಳಬಹುದಾದದ್ದು ಸದ್ಯಕ್ಕೆ ಇದೊಂದೇ.